ನೊಣ ಕಟ್ಟುವ ವೈಸ್: ತಿರುಗುವುದಕ್ಕೆ ಮುನ್ನ ಹಿಡಿತ ನೋಡಿ



ಅಡಿಕೆ ಸುಲಿಯುವ ಯಂತ್ರಗಳು ಬಂದ ಮೇಲೆ ಆ ಕೆಲಸವನ್ನೇ ನೆಚ್ಚಿದ್ದ ಹೆಣ್ಣುಮಕ್ಕಳಿಗೆ ದುಡಿಮೆ ಕಡಿಮೆಯಾಗಿದೆ. ಅವರಿಗೆ ಮನೆಯಲ್ಲೇ ಕುಳಿತು ಮಾಡುವ ಉಪಕಸುಬೊಂದು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಈಗ ಬಂದಿರುವ ಸಲಹೆ, ಮೀನಿನ ಗಾಳಕ್ಕೆ ಕೃತಕ ನೊಣ ಕಟ್ಟುವುದು. ವರ್ತಕರೊಬ್ಬರು ನಮ್ಮ ಐದು ತಾಲ್ಲೂಕುಗಳಲ್ಲಿ ಓಡಾಡಿ, ತಲೆಗೊಂದು ರೋಟರಿ ವೈಸ್, ದಾರ, ಗರಿ ಎಲ್ಲ ಸೇರಿಸಿ ಮಾರುತ್ತೇವೆ, ಕಟ್ಟಿದ ಮಾಲನ್ನು ನಾವೇ ಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಸಂಘ ಸಾಲ ಕೊಡಬೇಕೆಂದು ಕೆಲವು ಸದಸ್ಯರ ಒತ್ತಾಯ. ಈ ವಿದ್ಯೆ ನನಗೆ ಹವ್ಯಾಸವಾಗಿ ಬಹುಕಾಲದಿಂದ ಪರಿಚಿತವಾದ್ದರಿಂದ ನನ್ನ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ.

ಬರಿಯ ಗಾಳದ ಮೇಲೆ ಗರಿ, ಕೂದಲು, ದಾರ ಸುತ್ತಿ ಹುಳುವಿನಂತೆಯೋ ಮರಿಮೀನಿನಂತೆಯೋ ಕಾಣಿಸುವುದೇ ಈ ನೊಣ. ಇದು ದೊರೆಗಳ ಕಾಲದಿಂದ ನಮ್ಮ ನಾಡಿಗೆ ಗೊತ್ತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ‘ದ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನೇ ಹೊರತಂದರು.

ವೈಸ್ ಎಂದರೆ ಮೆಕ್ಯಾನಿಕ್ ಅಂಗಡಿಯ ಬೆಂಚ್ ವೈಸಿನ ಪುಟ್ಟ ತಮ್ಮ. ಮಲೆನಾಡಿನ ಸದಸ್ಯರಿಗೆ ಮೆಟ್ಟುಗತ್ತಿಯನ್ನು ನೆನಪಿಸಿದರೆ ಸಾಕು. ಅಲ್ಲಿ ಅಲಗು ನಿಂತಲ್ಲೇ ನಿಲ್ಲುತ್ತದೆ, ಎರಡೂ ಕೈ ಅಡಿಕೆಗೆ. ಇಲ್ಲಿ ದವಡೆ ಗಾಳವನ್ನು ಕಚ್ಚಿ ಹಿಡಿಯುತ್ತದೆ, ಎರಡೂ ಕೈ ದಾರಕ್ಕೆ.

ರೋಟರಿಯಲ್ಲಿ ದವಡೆಯ ಹಿಂದೆ ಒಂದು ಹಿಡಿಕೆ ಇದ್ದು, ಅದನ್ನು ತಿರುಗಿಸಿದರೆ ಗಾಳವೂ ತಿರುಗುತ್ತದೆ. ಆದರೆ ಇದರಲ್ಲಿ ಎರಡು ಬಗೆ ಉಂಟು. ಒಂದರಲ್ಲಿ ಗಾಳದ ನೇರವಾದ ಕಡ್ಡಿ ತಿರುಗುವ ಅಕ್ಷದ ಮೇಲೆಯೇ ಕೂರುತ್ತದೆ. ಲೇತ್‌ಗೆ ಹಾಕಿದ ಸರಳಿನಂತೆ ಇದ್ದಲ್ಲೇ ಸುತ್ತುತ್ತದೆ. ಒಂದು ಕೈಯಲ್ಲಿ ಗರಿ ಹಿಡಿದು ಇನ್ನೊಂದರಿಂದ ತಿರುಗಿಸಿದರೆ ಗರಿ ಸಮವಾಗಿ ಸುತ್ತಿಕೊಳ್ಳುತ್ತದೆ. (ಆಗ ದಾರದ ಉರುಳೆಯನ್ನು ಮುಂದಿರುವ ಕವಲಿನ ಮೇಲೆ ಅಕ್ಷದ ನೇರಕ್ಕೆ ಇಡಬೇಕು, ಇಲ್ಲವಾದರೆ ದಾರವೂ ಸುತ್ತಿಕೊಂಡು ಗೋಜಲು.) ಇನ್ನೊಂದು ಬಗೆಯಲ್ಲಿ ಗಾಳವು ಸೋತ ಬುಗುರಿಯಂತೆ ಓಲಾಡುತ್ತದೆ. ಆಚೆ ಬದಿ ಹೇಗಿದೆ ಎಂದು ನೋಡಲು ಅದು ಸಾಕು, ಸುತ್ತಲು ಬಾರದು. ಪೆಟ್ಟಿಗೆಯ ಮೇಲೆ ಮಾತ್ರ ಎರಡಕ್ಕೂ ‘ರೋಟರಿ’ ಎಂದೇ ಬರೆದಿರುತ್ತದೆ.

ಇಷ್ಟಾಗಿ, ಕಟ್ಟುವ ಕೆಲಸದ ಬಹುಪಾಲು ವೈಸ್ ನಿಶ್ಚಲವಾಗಿದ್ದಾಗಲೇ ಆಗುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ದವಡೆಯನ್ನು. ಕೊಳ್ಳಲು ಹೋಗುವಾಗ ನೀವು ಕಟ್ಟಲಿರುವ ಅತಿ ದೊಡ್ಡ ಗಾಳ ಒಂದು, ಅತಿ ಚಿಕ್ಕದೊಂದು ಜೊತೆಗಿರಲಿ. ಗಾಳದ ನಂಬರು ತಲೆಕೆಳಗು ಎಂಬುದು ನೆನಪಿರಲಿ, 14ನೆಯದು 6ನೆಯದಕ್ಕಿಂತ ಸಣ್ಣದು. ಗಾಳದ ಬಾಗನ್ನು ದವಡೆಗೆ ಕೊಟ್ಟು ಬಿಗಿದು, ದಾರ ಪೋಣಿಸುವ ಕಣ್ಣಿನ ಬಳಿ ಬೆರಳಿಟ್ಟು ಒತ್ತಿ. ಕಡ್ಡಿ ಬಾಗಿ ಚಿಮ್ಮಬೇಕು, ದವಡೆಯಲ್ಲಿ ಜಾರಬಾರದು. ಜಾರಿದರೆ ಎಷ್ಟೇ ಚೆನ್ನಾಗಿ ತಿರುಗಲಿ, ಹಿಂದಕ್ಕೆ ಕೊಡಿ. ದವಡೆಯ ಉಕ್ಕು ಮೆತುವಾಗಿದ್ದರೆ ದೊಡ್ಡ ಗಾಳ ಅದರಲ್ಲಿ ಗುಳಿ ಬೀಳಿಸುತ್ತದೆ, ಆಮೇಲೆ ಸಣ್ಣದು ನಿಲ್ಲುವುದಿಲ್ಲ. ನಮ್ಮ ದೇಶದಲ್ಲೇ ತಯಾರಾಗಿ ಹೊರದೇಶಕ್ಕೆ ಹೋಗುವ ಸಾದಾ ವೈಸ್‌ಗಳಿವೆ. ಅಗ್ಗದವು, ಆರಿಸಿ ತೆಗೆದುಕೊಂಡರೆ ಕಲಿಯುವವರಿಗೆ ಧಾರಾಳ ಸಾಕು. ಒಳ್ಳೆಯ ರೋಟರಿಗೆ ಅದರ ಹಲವು ಪಟ್ಟು ಬೆಲೆ.

ಇನ್ನು ಕೈಯ ಮಾತು. ಹಡಗಲಿಯಲ್ಲಿ ಮಲ್ಲಿಗೆ ಕಟ್ಟುವವರನ್ನು ನೋಡಿದ್ದೀರಿ. ದಾರ ಸಡಿಲಾದರೆ ಹೂ ಜಾರುತ್ತದೆ, ಬಿಗಿಯಾದರೆ ತೊಟ್ಟು ಕತ್ತರಿಸುತ್ತದೆ; ಆ ಅಳತೆ ಅವರ ಬೆರಳಲ್ಲೇ ಇದೆ. ನೊಣ ಕಟ್ಟುವುದರಲ್ಲಿ ಮುಕ್ಕಾಲು ವಿದ್ಯೆ ಅದೇ. ಕೀನ್ಯಾದಲ್ಲಿ ಎಷ್ಟೋ ಹೆಣ್ಣುಮಕ್ಕಳು ಇದರಿಂದ ಜೀವನ ಸಾಗಿಸುತ್ತಾರೆ. ನಮ್ಮವರಿಗೆ ಆಗದು ಎಂದು ನಾನು ಹೇಳಲಾರೆ.

ಆದರೆ ಕೊಳ್ಳುವವರು ಯಾರು? ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಮಹಶೀರ್ ಮೀನಿಗೆ ಗಾಳ ಹಾಕಲು ದೇಶವಿದೇಶಗಳಿಂದ ಜನ ಬರುತ್ತಿದ್ದ ಕಾಲದಲ್ಲೂ ಹೆಸರಾದದ್ದು ನೊಣವಲ್ಲ, ಬೇಯಿಸಿದ ರಾಗಿ ಹಿಟ್ಟಿನ ಉಂಡೆ. ನಮ್ಮ ತುಂಗಭದ್ರೆಯ ಹಿನ್ನೀರಿನಲ್ಲಿ ಹರಿಗೋಲು ಹಾಕುವವರು ಬಲೆಯವರು. ಎಂದ ಮೇಲೆ ಮಾಲೆಲ್ಲ ಹೊರದೇಶಕ್ಕೇ ಹೋಗಬೇಕು, ಅದೂ ಒಬ್ಬರೇ ವರ್ತಕರ ಕೈಯಿಂದ. ಅವರು ಕೈಬಿಟ್ಟ ದಿನ ಹೆಣ್ಣುಮಕ್ಕಳ ಬಳಿ ಉಳಿಯುವುದು ವೈಸ್ ಮತ್ತು ಸಾಲದ ಕಂತು.

ಗರಿಯ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ನಾಟಿ ಹುಂಜದ ಕತ್ತಿನ ಗರಿ ಧಾರಾಳವಾಗಿ ಬಳಸಬಹುದು. ಕಾಡುಕೋಳಿಯ ಕತ್ತಿನ ಗರಿಗೆ ಹಿಂದಿನಿಂದಲೂ ಈ ಕಸುಬಿನಲ್ಲಿ ಬಹಳ ಬೇಡಿಕೆ. ಕಾಫಿ ತೋಟದ ಸದಸ್ಯರಿಗೆ ಆ ಹಕ್ಕಿ ಮನೆಯಂಗಳದ್ದೇ, ಆದರೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಮುಟ್ಟಕೂಡದು. ಹೊಲದಲ್ಲಿ ತಾನಾಗಿ ಉದುರಿದ ನವಿಲುಗರಿ ಆಯುವುದು ತಪ್ಪಲ್ಲ. ಅದನ್ನು ಹೊರದೇಶಕ್ಕೆ ಕಳಿಸುವುದು ನಿಷಿದ್ಧ, ನೊಣಕ್ಕೆ ಸುತ್ತಿ ಕಳಿಸಿದರೂ ಅಷ್ಟೇ. ವರ್ತಕರು ತೋರಿಸಿದ ಮಾದರಿಗಳಲ್ಲಿ ನವಿಲುಗರಿ ಸುತ್ತಿದ್ದವೂ ಇದ್ದವು. ಕಟ್ಟಿದವರು ಯಾರೆಂದು ಸುಂಕದ ಅಧಿಕಾರಿ ಕೇಳಿದಾಗ ಯಾರ ಹೆಸರು ಹೊರಬರುತ್ತದೆ ಎಂಬುದನ್ನು ಸದಸ್ಯರು ಯೋಚಿಸಲಿ.

ಆದ್ದರಿಂದ ತಲೆಗೊಂದು ರೋಟರಿಗಾಗಿ ಸಂಘ ಸಾಲ ಕೊಡುವುದನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ನಾನು ವಿರೋಧಿಸುತ್ತೇನೆ. ಬದಲಿಗೆ ಸಂಘದ ಖರ್ಚಿನಲ್ಲಿ ಎರಡು ಸಾದಾ ವೈಸ್ ಕೊಂಡು, ಹೂ ಕಟ್ಟಿ ರೂಢಿಯಿರುವ ಇಬ್ಬರು ಹೆಣ್ಣುಮಕ್ಕಳಿಗೆ ಕೂಲಿ ಕೊಟ್ಟು ತಲಾ ನೂರು ನೊಣ ಕಟ್ಟಿಸೋಣ. ಆ ಇನ್ನೂರನ್ನು ವರ್ತಕರು ಮೊದಲು ನಗದಾಗಿ ಕೊಳ್ಳಲಿ. ವರ್ಷಕ್ಕೆ ಎಷ್ಟು ಡಜನ್, ಯಾವ ದರಕ್ಕೆ ಎಂಬುದನ್ನು ಛಾಪಾ ಕಾಗದದ ಮೇಲೆ ಬರೆದುಕೊಡಲಿ. ರೋಟರಿಯ ಮಾತು ಆಮೇಲೆ. ಅಷ್ಟರೊಳಗೆ ನೋಡಬಯಸುವವರಿಗಾಗಿ ನನ್ನ ಹಳೆಯ ವೈಸನ್ನು ಕಛೇರಿಯ ಮೇಜಿಗೆ ಬಿಗಿದಿಟ್ಟಿದ್ದೇನೆ. ಮನೆಯ ಹೆಣ್ಣುಮಕ್ಕಳನ್ನೂ ಕರೆತನ್ನಿ.

— ಕಾರ್ಯದರ್ಶಿ