ಆಯ ತಪ್ಪಿದ್ದು ಯಾರಿಗೆ?

ಕಾರ್ಖಾನೆಯ ಮಹಡಿಯಲ್ಲಿ ತೆರೆದುಬಿಟ್ಟ ಕಿಂಡಿಯಿಂದ ಕಾರ್ಮಿಕ ಬಿದ್ದು ಸತ್ತರೆ ಕನ್ನಡ ಪತ್ರಿಕೆಗಳು ‘ಆಯತಪ್ಪಿ ಬಿದ್ದು ಸಾವು’ ಎಂದು ಬರೆಯುತ್ತವೆ. ಹೈದರಾಬಾದಿನ ತೆಲುಗು ಪತ್ರಿಕೆಗಳಲ್ಲಿ ಅದು ‘ಪ್ರಮಾದವಶಾತ್ತು’. ಓದಿದಾಗಲೆಲ್ಲ ಮೈ ಉರಿಯುತ್ತದೆ. ತೆಲುಗಿನ ಪ್ರಮಾದ ಎಂದರೆ ಅಪಘಾತ, ಕನ್ನಡದಲ್ಲಿ ತಪ್ಪು. ಜಹೀರಾಬಾದ್ ದಾಟಿ ಹೈದರಾಬಾದ್ ಬಳಿಯ ಪಟಾನ್‌ಚೆರುವಿಗೆ ದುಡಿಯಲು ಬರುವ ಬೀದರಿನ ಹುಡುಗರ ಮಟ್ಟಿಗೆ ಕನ್ನಡದ ಅರ್ಥವೇ ಸರಿ.

ಔಷಧ ಕಾರ್ಖಾನೆಗಳಲ್ಲಿ ರಿಯಾಕ್ಟರ್‌ಗಳನ್ನು ಮಹಡಿಯ ಕಿಂಡಿಯಲ್ಲಿ ಇಳಿಬಿಟ್ಟು ಕೂರಿಸುತ್ತಾರೆ. ಅರ್ಧ ಮೇಲೆ, ಅರ್ಧ ಕೆಳಗೆ. ರಿಪೇರಿಗೆಂದು ಒಂದನ್ನು ಎತ್ತಿದರೆ ಆಳು ಸಲೀಸಾಗಿ ಇಳಿದುಹೋಗುವಷ್ಟು ಜಾಗ ಬಾಯ್ದೆರೆಯುತ್ತದೆ. ಅದರ ಮೇಲೆ ಬೋಲ್ಟ್ ಹಾಕದೆ, ಎಚ್ಚರಿಕೆ ಬರೆಯದೆ ಪ್ಲೈವುಡ್ ಹಲಗೆ ಹಾಸಿಟ್ಟರೆ ಮುಗಿಯಿತು. ಮರುದಿನದ ಪಾಳಿಯ ಹೆಲ್ಪರ್ ದಾರಿಗೆ ಅಡ್ಡವೆಂದು ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಹಿಡಿಯುತ್ತಾನೆ. ಕಾಲಡಿ ಏನಿದೆಯೋ ಕಾಣುವುದಿಲ್ಲ. ಒಂದು ಹೆಜ್ಜೆ ಮುಂದಿಡುತ್ತಾನೆ.

ಹೆಜ್ಜೆ ನೆಟ್ಟಗೇ ಇತ್ತು. ನೆಲ ಇರಲಿಲ್ಲ.

ಇದನ್ನು ತಡೆಯಲು ಹೊಸ ವಿದ್ಯೆಯೇನೂ ಬೇಡ. ಅಪಾಯ ತರಬಹುದಾದ ಗುಂಡಿ, ಸಂಪು, ನೆಲದ ಕಿಂಡಿಗಳನ್ನು ಭದ್ರವಾಗಿ ಮುಚ್ಚಬೇಕು, ಇಲ್ಲವೇ ಸುತ್ತ ಬೇಲಿ ಹಾಕಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 33ನೇ ಕಲಮೇ ಹೇಳಿತ್ತು. ಕಿಂಡಿ, ಕಂಬಿಗಳ ಸುರಕ್ಷತೆಗೆಂದೇ ಇರುವ ಭಾರತೀಯ ಮಾನದಂಡ ಐಎಸ್ 4912 ಕೂಡ 1978ರದು. ಕಾರ್ಖಾನೆ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯು ನಿಯಮ ಮುರಿದು ಸಾವಾದರೆ ತೆರಬೇಕಾದ ಕನಿಷ್ಠ ದಂಡವನ್ನು 25 ಸಾವಿರದಿಂದ 5 ಲಕ್ಷ ರೂಪಾಯಿಗೆ ಏರಿಸಿದೆ. ಒಳ್ಳೆಯದೇ. ಆದರೆ ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಲು ಬೇಕಾದ ಕಾರ್ಮಿಕರ ಸಂಖ್ಯೆಯನ್ನೂ 10ರಿಂದ 20ಕ್ಕೆ ಏರಿಸಿದೆ. ಹದಿನೈದು ಜನ ದುಡಿಯುವ ಹೈದರಾಬಾದಿನ ಬಾಲಾನಗರದ ಶೆಡ್ಡು ಸಂಹಿತೆಯ ಲೆಕ್ಕದಲ್ಲಿ ಕಾರ್ಖಾನೆಯೇ ಅಲ್ಲ.

2023ರ ಏಪ್ರಿಲ್ 29ರ ಮಳೆಯ ಬೆಳಿಗ್ಗೆ ಸಿಕಂದರಾಬಾದಿನ ಕಲಾಸಿಗುಡದಲ್ಲಿ ಹಾಲು ತರಲು ಹೊರಟ ಬಾಲಕಿ ತೆರೆದ ಚರಂಡಿಗೆ ಬಿದ್ದು ಸತ್ತಳು. ಮುಚ್ಚಳ ಎಲ್ಲಿ ಎಂದು ನಗರ ಕೇಳಿತು. ಪಾಲಿಕೆ ಇಬ್ಬರು ಸಿಬ್ಬಂದಿಯನ್ನು ಅಮಾನತು ಮಾಡಿತು. ಕಾರ್ಖಾನೆಯ ಗೇಟಿನ ಒಳಗೂ ಕೇಳಬೇಕಾದ ಪ್ರಶ್ನೆ ಅದೇ. ದಂಡ ಎಷ್ಟೇ ಏರಲಿ, ತಪ್ಪು ಮಾಲೀಕನದೆಂದು ಮೊದಲು ದಾಖಲಾಗಬೇಕು. ದೂರು ‘ಆಯತಪ್ಪಿ’ ಎಂಬಲ್ಲಿಂದ ಶುರುವಾದರೆ ಮಾಲೀಕ ಆಗಲೇ ಅರ್ಧ ಪಾರಾದಂತೆ.

ವರದಿಗಾರರೇ, ಠಾಣೆಯ ರೈಟರುಗಳೇ, ಮೊದಲ ಸಾಲನ್ನು ಹೀಗೆ ಬರೆಯಿರಿ: ಮಾಲೀಕ ಮುಚ್ಚದೆ ಬಿಟ್ಟ ಕಿಂಡಿಯಿಂದ ಬಿದ್ದು ಕಾರ್ಮಿಕ ಸಾವು.