"ಪುಸ್ತಕದಲ್ಲಿ ಹಾಗಿಲ್ಲ" ಅನ್ನೋ ಕಾಯಿಲೆ

ಇದನ್ನ ಬರೀಬಾರದು ಅಂತಲೇ ಇದ್ದೆ. ಮೊನ್ನೆ ಒಂದು ಮದುವೆ ಊಟದಲ್ಲಿ ನಡೆದದ್ದು ನೋಡಿ ತಡೆಯಲಾಗಲಿಲ್ಲ, ಅದಕ್ಕೇ ಈ ಪೋಸ್ಟು.

ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗ, ಕಾಲೇಜಿಗೆ ಹೋಗೋ ವಯಸ್ಸು, 'ಗೇಮ್ ಆಫ್ ಥ್ರೋನ್ಸ್' ಈಗಷ್ಟೇ ನೋಡಿ ಮುಗಿಸಿದೆ ಅಂತ ಖುಷಿಯಿಂದ ಹೇಳ್ತಿದ್ದ. ಎದುರು ಸಾಲಿನಲ್ಲಿದ್ದ ಮಹಾಶಯರೊಬ್ಬರು ಎಲೆಯಿಂದ ತಲೆಯೆತ್ತಿ "ಪುಸ್ತಕ ಓದಿದೀರಾ?" ಅಂದರು. ಇಲ್ಲ ಅಂದ. "ಹಾಗಾದ್ರೆ ನೋಡಿದ್ದು ಲೆಕ್ಕಕ್ಕಿಲ್ಲ ಬಿಡಿ. ಪುಸ್ತಕದಲ್ಲಿ ಅದ್ಯಾವುದೂ ಹಾಗಿಲ್ಲ." ಅಷ್ಟೇ. ಪಾಯಸ ಬರೋ ಹೊತ್ತಿಗೆ ಹುಡುಗ ಮಾತು ನಿಲ್ಲಿಸಿ ಎಲೆ ನೋಡ್ತಾ ಕೂತಿದ್ದ.

ನನಗೆ ಸಿಟ್ಟು ಬಂತು. ಆಮೇಲೆ ನಾಚಿಕೆಯೂ ಆಯ್ತು. ಯಾಕಂದ್ರೆ ಆ ಎದುರು ಸಾಲಿನವರು ಹತ್ತು ಹನ್ನೆರಡು ವರ್ಷದ ಹಿಂದಿನ ನಾನೇ.

(ಕಥೆಯ ಗುಟ್ಟುಗಳನ್ನೆಲ್ಲ ಕೆಳಗೆ ಬಿಟ್ಟುಕೊಟ್ಟಿದೀನಿ. ಮುಂದೆ ನೋಡಬೇಕು, ಓದಬೇಕು ಅಂತ ಇಟ್ಟುಕೊಂಡಿರೋರು ಇಲ್ಲಿಂದಲೇ ವಾಪಸ್ ಹೋಗಿ, ಬೇಜಾರಿಲ್ಲ.)

ಗೊತ್ತಿಲ್ಲದವರಿಗೆ ಎರಡು ಮಾತು. ಜಾರ್ಜ್ ಆರ್. ಆರ್. ಮಾರ್ಟಿನ್ 1996ರಲ್ಲಿ ಶುರುಮಾಡಿದ ಕಾದಂಬರಿ ಸರಣಿ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್'. ಅದರ ಮೊದಲ ಪುಸ್ತಕದ ಹೆಸರಿಟ್ಟುಕೊಂಡು ಎಚ್‌ಬಿಓದವರು 2011ರ ಏಪ್ರಿಲಿನಿಂದ 2019ರ ಮೇ ತನಕ ಎಂಟು ಸೀಸನ್, 73 ಕಂತು ತೆಗೆದರು. ಐದನೇ ಪುಸ್ತಕ ಬಂದದ್ದು 2011ರ ಜುಲೈನಲ್ಲಿ. ಧಾರಾವಾಹಿ ಮಂಗಳ ಹಾಡಿದಾಗಲೂ ಆರನೇದು ಅಂಗಡಿಗೆ ಬಂದಿರಲಿಲ್ಲ. ಜಗಳಕ್ಕೆಲ್ಲ ಇದೇ ಬೀಜ.

2013ರ ಜೂನಿನಲ್ಲಿ 'ರೆಡ್ ವೆಡ್ಡಿಂಗ್' ಕಂತು ಬಂತಲ್ಲ, ನಾನೂ ನನ್ನ ತಮ್ಮನೂ ಒಟ್ಟಿಗೆ ನೋಡಿದ್ದು. ನಾನು ಓದಿದ್ದೆ, ಅವನು ಓದಿರಲಿಲ್ಲ. ಮದುವೆ ಮನೆ ಬಾಗಿಲು ಹಾಕಿದ್ದೇ ತಡ, ನಾನು ಪರದೆ ಬಿಟ್ಟು ತಮ್ಮನ ಮುಖ ನೋಡೋಕೆ ಶುರುಮಾಡಿದೆ. ಅವನ ಬಾಯಿ ತೆರೆದುಕೊಂಡಿತು, ನನಗೆ ಒಳಗೊಳಗೇ ನಗು. ನಾನೊಬ್ಬನೇ ಅಲ್ಲ, ಪ್ರಪಂಚದ ತುಂಬ ಪುಸ್ತಕ ಓದಿದವರು ಓದದ ಗೆಳೆಯರ ಮುಖವನ್ನ ಕದ್ದು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಿದ್ದರು. ಒಬ್ಬ ತಾಯಿ ಕಣ್ಣೆದುರೇ ಮಗನನ್ನ ಕಳಕೊಳ್ಳೋ ದೃಶ್ಯ ಅದು. ನಾವು ಅದನ್ನ ನೋಡಲೇ ಇಲ್ಲ. 'ನನಗೆ ಮೊದಲೇ ಗೊತ್ತಿತ್ತು' ಅನ್ನೋದನ್ನ ನೋಡ್ಕೊಂಡು ಕೂತಿದ್ವಿ.

ಆ ಕಾಲದಲ್ಲಿ ನನ್ನ ಹತ್ರ ಒಂದು ಪಟ್ಟಿಯೇ ಇತ್ತು. ವಿಕ್ಟೇರಿಯನ್ ಇಲ್ಲ, ಆರಿಯಾನ್ ಇಲ್ಲ, ಯಂಗ್ ಗ್ರಿಫ್ ಇಲ್ಲ, ಜೇನ್ ವೆಸ್ಟರ್ಲಿಂಗ್ ಜಾಗದಲ್ಲಿ ಯಾರೋ ತಲೀಸಾ. ತಮ್ಮ ಊಟಕ್ಕೆ ಕೂತರೂ ಇದನ್ನೇ ಒಪ್ಪಿಸ್ತಿದ್ದೆ. ರೇಷನ್ ಅಂಗಡಿಯಲ್ಲಿ ಚೀಟಿ ಹಿಡಕೊಂಡು ಅಕ್ಕಿ ಕಮ್ಮಿ, ಸಕ್ಕರೆ ಕಮ್ಮಿ ಅಂತ ಎಣಿಸ್ತಾರಲ್ಲ, ಹಾಗೆ. ಈಗ ನಾನು ಹೇಳೋದು ಇಷ್ಟೇ: ಎಣಿಸಿದ್ದೇ ತಪ್ಪು. ಯಾವ ಘಟನೆ ಬಿಟ್ಟರು, ಯಾವ ಪಾತ್ರ ಬಿಟ್ಟರು ಅನ್ನೋದು ಪ್ರಶ್ನೆಯೇ ಅಲ್ಲ ಸ್ವಾಮಿ. ಘಟನೆ ಇಟ್ಟುಕೊಂಡು ಅದರ ಕಾರಣವನ್ನ ಎಲ್ಲಿ ಎಗರಿಸಿದರು ಅಂತ ಹುಡುಕಬೇಕಿತ್ತು.

ಟೈಶಾ ವಿಷಯ ತಗೊಳ್ಳಿ.

ಕುಳ್ಳ ಟಿರಿಯನ್ ಹುಡುಗನಾಗಿದ್ದಾಗ ಟೈಶಾ ಅನ್ನೋ ಬಡ ಹುಡುಗಿಯನ್ನ ಮದುವೆಯಾಗಿರ್ತಾನೆ. ಅಪ್ಪ ಟೈವಿನ್ ಅದನ್ನ ಮುರಿಸ್ತಾನೆ. ಅವಳು ದುಡ್ಡು ಕೊಟ್ಟು ಕರೆಸಿದ್ದ ವೇಶ್ಯೆ ಅಂತ ಅಣ್ಣ ಜೇಮಿಯ ಬಾಯಲ್ಲೇ ಹೇಳಿಸಿ, ಆಮೇಲೆ ಅವಳ ಮೇಲೆ ತನ್ನ ಕಾವಲಿನವರನ್ನೆಲ್ಲ ಬಿಡ್ತಾನೆ. ಈ ಹಳೇ ಕಥೆಯನ್ನ ಧಾರಾವಾಹಿಯ ಮೊದಲ ಸೀಸನ್ನಿನಲ್ಲೇ ಟಿರಿಯನ್ ಶೇ ಮತ್ತು ಬ್ರಾನ್ ಎದುರು ಹೇಳ್ಕೊಳ್ತಾನೆ, ಚೆನ್ನಾಗೇ ಇದೆ. ಪುಸ್ತಕದಲ್ಲಿ ಇದರ ಬಡ್ಡಿ ಬರೋದು ಮೂರನೇ ಸಂಪುಟದ ಕೊನೆಯಲ್ಲಿ. ಸೆರೆಮನೆಯಿಂದ ತಮ್ಮನನ್ನ ಬಿಡಿಸೋಕೆ ಬಂದ ಜೇಮಿ, ತಡೀಲಾರದೆ ನಿಜ ಹೇಳಿಬಿಡ್ತಾನೆ: ಅವಳು ವೇಶ್ಯೆ ಆಗಿರಲಿಲ್ಲ, ಅಪ್ಪ ಹೇಳಿಸಿದ ಸುಳ್ಳು ಅದು. ಅಂದ್ರೆ ಟಿರಿಯನ್‌ನನ್ನ ಜೀವನದಲ್ಲಿ ಒಬ್ಬಳಾದರೂ ನಿಜಕ್ಕೂ ಪ್ರೀತಿಸಿದ್ದಳು, ಅವಳ ಗತಿ ಹಾಗಾದಾಗ ಇವನೂ ಆ ಪಾಪದಲ್ಲಿ ಪಾಲುದಾರ. ಅಲ್ಲೇ ಅಣ್ಣತಮ್ಮ ಶತ್ರುಗಳಾಗ್ತಾರೆ. ಟಿರಿಯನ್ ತಪ್ಪಿಸ್ಕೊಂಡು ಓಡೋ ಬದಲು ಅಪ್ಪನ ಕೋಣೆಗೆ ಹತ್ತಿ ಹೋಗೋದು ಆ ಒಂದು ಪ್ರಶ್ನೆ ಕೇಳೋಕೆ: ಅವಳನ್ನ ಎಲ್ಲಿಗೆ ಕಳಿಸಿದೆ? ಅಪ್ಪ ಕೊಟ್ಟ ಉಡಾಫೆ ಉತ್ತರಕ್ಕೆ ಬಾಣ ಬಿಡ್ತಾನೆ.

ಧಾರಾವಾಹಿಯಲ್ಲಿ ಸೆರೆಮನೆ ಇದೆ, ಬಿಲ್ಲಿದೆ, ಪಾಯಖಾನೆಯೂ ಇದೆ, ಅಪ್ಪ ಸಾಯ್ತಾನೆ. ಆದರೆ ಜೇಮಿ ಏನೂ ಹೇಳಲ್ಲ. ಅಣ್ಣತಮ್ಮ ತಬ್ಬಿಕೊಂಡು ಬೀಳ್ಕೊಡ್ತಾರೆ. ಹೊರಗೆ ಹೋಗೋ ದಾರಿ ತೆರೆದಿರುವಾಗ ಈ ಮನುಷ್ಯ ಮೆಟ್ಟಿಲು ಹತ್ತಿ ಮೇಲೆ ಯಾಕೆ ಹೋದ? ಸಾಯೋ ಶಿಕ್ಷೆ ಕೊಟ್ಟ ಅಪ್ಪನ ಮೇಲೆ ಸಿಟ್ಟು ಅಂತ ನಾವೇ ಅಂದ್ಕೋಬೇಕು. ಎಣಿಸೋರ ಲೆಕ್ಕದಲ್ಲಿ ಈ ದೃಶ್ಯ 'ಪುಸ್ತಕದಲ್ಲಿದ್ದ ಹಾಗೇ ಇದೆ'. ನನ್ನ ಪ್ರಕಾರ ಇಡೀ ಧಾರಾವಾಹಿಯಲ್ಲಿ ಇದಕ್ಕಿಂತ ದೊಡ್ಡ ಕಳ್ಳತನ ಇಲ್ಲ. ಮುಂದಿನ ಸೀಸನ್ನುಗಳಲ್ಲಿ ಟಿರಿಯನ್ ಬರೀ ಹೆಂಡ ಕುಡಿದು ಬುದ್ಧಿಮಾತು ಹೇಳೋ ಸಲಹೆಗಾರ ಆಗಿಬಿಟ್ಟ ಅಂತೀರಲ್ಲ, ಅವನೊಳಗಿನ ಕೆಂಡ ಆರಿಸಿದ್ದು ಈ ಮೆಟ್ಟಿಲ ಮೇಲೆ.

ತಲೀಸಾ ಕಥೆಯೂ ಹಾಗೇ. ಹೆಸರು ಬದಲಾಯ್ತು, ಊರು ಬದಲಾಯ್ತು ಅಂತ ಕೂಗಾಡಿದ್ವಿ. ಅದಲ್ಲ ವಿಷಯ. ಪುಸ್ತಕದ ರಾಬ್ ಹದಿನಾರರ ಹುಡುಗ. ಗಾಯಗೊಂಡು ಮಲಗಿರುವಾಗ ತಮ್ಮಂದಿರಿಬ್ಬರು ಸತ್ತರು ಅನ್ನೋ ಸುದ್ದಿ ಬರುತ್ತೆ, ಆರೈಕೆ ಮಾಡ್ತಿದ್ದ ಹುಡುಗಿ ಜೊತೆ ರಾತ್ರಿ ಕಳೀತಾನೆ, ಬೆಳಿಗ್ಗೆ ಅವಳ ಮಾನ ಉಳಿಸೋಕೆ ಮದುವೆ ಆಗ್ತಾನೆ. ಅಪ್ಪ ನೆಡ್ ಸ್ಟಾರ್ಕ್ ತಲೆ ಕಳಕೊಂಡದ್ದೂ ಇದೇ ಮಾನ ಮರ್ಯಾದೆಯ ಹಟಕ್ಕೆ. ಮಗ ಅಪ್ಪನ ಮಗನೇ ಆಗಿ ಸತ್ತ. ಧಾರಾವಾಹಿಯ ರಾಬ್ ಪ್ರೀತಿಯಲ್ಲಿ ಬಿದ್ದು, ಕೊಟ್ಟ ಮಾತು ಮುರಿದು ಸತ್ತ. ಕತ್ತಿ ಅದೇ, ಹಾಡು ಅದೇ, ಸಾವಿನ ಅರ್ಥ ಬೇರೆ.

ಇನ್ನು ಉಲ್ಟಾ ಕಡೆ ನೋಡಿ. ಮೊದಲ ಸೀಸನ್ನಿನ ಐದನೇ ಕಂತಿನಲ್ಲಿ ರಾಜ ರಾಬರ್ಟ್ ಮತ್ತು ರಾಣಿ ಸರ್ಸಿ ಇಬ್ಬರೇ ಕೂತು ತಮ್ಮ ಹಾಳಾದ ಮದುವೆ ಬಗ್ಗೆ ಮಾತಾಡ್ತಾರೆ. ಪುಸ್ತಕದಲ್ಲಿ ಇಲ್ಲವೇ ಇಲ್ಲ! ಇರೋಕೆ ಸಾಧ್ಯವೂ ಇಲ್ಲ. ಮಾರ್ಟಿನ್ ಪ್ರತಿ ಅಧ್ಯಾಯವನ್ನೂ ಒಬ್ಬರ ಕಣ್ಣಿನಿಂದ ಬರೀತಾರೆ. ಮೊದಲ ಪುಸ್ತಕದಲ್ಲಿ ರಾಬರ್ಟನ ಕಣ್ಣೂ ಇಲ್ಲ, ಸರ್ಸಿಯ ಕಣ್ಣೂ ಇಲ್ಲ. ಸರ್ಸಿಯ ಅಧ್ಯಾಯ ಶುರುವಾಗೋದು ನಾಲ್ಕನೇ ಪುಸ್ತಕದಲ್ಲಿ. ಆದರೂ ಮಾರ್ಕ್ ಅಡ್ಡಿ, ಲೀನಾ ಹೆಡೀ ಇಬ್ಬರೂ ಕೂತು ಆಡಿದ ಆ ಕೆಲವೇ ನಿಮಿಷದಲ್ಲಿ ಒಂದು ದೇಶ ಯಾಕೆ ಮುರಿದು ಬೀಳ್ತಾ ಇದೆ ಅಂತ ಅರ್ಥ ಆಗುತ್ತೆ. ಎರಡನೇ ಸೀಸನ್ನಿನಲ್ಲಿ ಆರ್ಯಾ ಟೈವಿನ್‌ಗೆ ಹೆಂಡ ಬಗ್ಗಿಸಿ ಕೊಡೋ ದೃಶ್ಯಗಳು? ಪುಸ್ತಕದಲ್ಲಿ ಅವಳು ಬಗ್ಗಿಸೋದು ರೂಸ್ ಬೋಲ್ಟನ್‌ಗೆ. ಬದಲಾಯಿಸಿದ್ದು ಒಳ್ಳೇದೇ ಆಯ್ತು. ಹಾರ್ಡ್‌ಹೋಮ್ ಕದನ ಪುಸ್ತಕದಲ್ಲಿ ಪತ್ರದಲ್ಲಿ ಬಂದ ಸುದ್ದಿ ಮಾತ್ರ. ಧಾರಾವಾಹಿ ಅದನ್ನ ಕಣ್ಣೆದುರು ತಂದಾಗ ನಾನು ಕುರ್ಚಿ ತುದಿಗೆ ಬಂದಿದ್ದೆ.

ಇಲ್ಲಿ ಕೆಲವರು ಕೈ ಎತ್ತುತ್ತಾರೆ ಅಂತ ಗೊತ್ತು. "ಪುಸ್ತಕ ಇರೋ ತನಕ ಚೆನ್ನಾಗಿತ್ತು, ಪುಸ್ತಕ ಖಾಲಿ ಆದ್ಮೇಲೆ ಕೆಟ್ಟಿತು." ಇದು ಎಲ್ಲರ ಬಾಯಲ್ಲಿರೋ ಮಂತ್ರ. ಅರ್ಧ ಸುಳ್ಳು. ಟೈಶಾಳನ್ನ ಕೈಬಿಟ್ಟಾಗ ಪುಸ್ತಕ ಕೈಯಲ್ಲೇ ಇತ್ತು, ಹದಿನಾಲ್ಕು ವರ್ಷ ಹಳೇದು. ಐದನೇ ಸೀಸನ್ನಿನಲ್ಲಿ ಸಾನ್ಸಾಳನ್ನ ರಾಮ್ಸೇ ಅನ್ನೋ ರಾಕ್ಷಸನಿಗೆ ಮದುವೆ ಮಾಡಿಸಿದಾಗಲೂ ಇತ್ತು. ಪುಸ್ತಕದಲ್ಲಿ ಆ ಗತಿ ಬರೋದು ಅವಳ ಗೆಳತಿ ಜೇನ್ ಪೂಲ್‌ಗೆ, ಆರ್ಯಾ ಅಂತ ಸುಳ್ಳು ಹೆಸರಿಟ್ಟು ಕಳಿಸಿದ ಹುಡುಗಿ. ಎಲ್ಲರನ್ನೂ ಆಟ ಆಡಿಸೋ ಲಿಟಲ್‌ಫಿಂಗರ್, ತನ್ನ ಕೈಲಿರೋ ಎಲ್ಲಕ್ಕಿಂತ ಬೆಲೆಬಾಳೋ ಹುಡುಗಿಯನ್ನ ಗೊತ್ತುಗುರಿಯಿಲ್ಲದವನ ಮನೆಗೆ ಯಾಕೆ ದಾಟಿಸ್ತಾನೆ? ಉತ್ತರ ಇಲ್ಲ. ಡಾರ್ನ್ ಕಥೆ ಕೇಳಲೇಬೇಡಿ. ಪುಸ್ತಕದಲ್ಲಿ ಎಲಾರಿಯಾ, ಈ ಸೇಡು ಎಲ್ಲಿಗೆ ಮುಗಿಯುತ್ತೆ ಅಂತ ಕೇಳೋ ಹೆಂಗಸು. ಧಾರಾವಾಹಿಯಲ್ಲಿ ಪ್ರಿಯಕರ ಓಬೆರಿನ್ ಸತ್ತ ಸೇಡಿಗೆ ಓಬೆರಿನ್‌ನ ಸ್ವಂತ ಅಣ್ಣನನ್ನೇ ಇರಿದಳು, ಅಣ್ಣನ ಮಗನನ್ನೂ ಮುಗಿಸಿದರು. ಸೇಡು ಅಂದ್ರೆ ಇದಪ್ಪಾ!

ಕೊನೆಯ ಸೀಸನ್ನಿಗೆ ಬನ್ನಿ. 2019ರಲ್ಲಿ ಅದನ್ನ ಪೂರ್ತಿ ಮತ್ತೆ ತೆಗೀರಿ ಅಂತ ಇಂಟರ್ನೆಟ್ಟಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಸಹಿ ಹಾಕಿದರು (ನಾನೂ ಹಾಕಿದ್ದೆ, ನಗಬೇಡಿ). ತಮಾಷೆ ಏನಂದ್ರೆ, ಕಥೆಯ ಕೊನೆ ಹೇಗೆ ಅಂತ ಮಾರ್ಟಿನ್ ಬೆನಿಯಾಫ್ ಮತ್ತು ವೈಸ್‌ಗೆ ಮೊದಲೇ ಹೇಳಿಕೊಟ್ಟಿದ್ದರು. ಬ್ರಾನ್ ರಾಜ ಆಗೋದು ಮಾರ್ಟಿನ್‌ರದ್ದೇ ಅಂತ ಆ ಪಾತ್ರ ಮಾಡಿದ ಹುಡುಗನೇ ಹೇಳಿದ್ದಾನೆ. ಅಂದ್ರೆ ಇನ್ನೂ ಬರೆಯದ ಪುಸ್ತಕಕ್ಕೆ ಧಾರಾವಾಹಿ 'ನಿಷ್ಠೆ' ತೋರಿಸಿತ್ತು! ಆದರೂ ನಮಗೆ ಬೆಂಕಿ ಬಿತ್ತು. ಯಾಕೆ? ಊರು ಶರಣಾಗಿ ಗಂಟೆ ಹೊಡೆದ ಮೇಲೂ ಡೆನೇರಿಸ್ ಡ್ರ್ಯಾಗನ್ ಹತ್ತಿ ಜನರನ್ನ ಸುಟ್ಟಳು. ಸುಡಬಾರದಿತ್ತು ಅಂತ ನಾನು ಹೇಳಲ್ಲ. ಸುಡುವ ತನಕ ಅವಳು ನಡೆದು ಬಂದ ದಾರಿ ಎಲ್ಲಿ? ಆರು ಕಂತಿನಲ್ಲಿ ಎಲ್ಲ ಮುಗಿಸಬೇಕು ಅಂತ ಹಟ ಹಿಡಿದದ್ದು ನಿರ್ಮಾಪಕರು, ದುಡ್ಡು ಹಾಕೋರು ಇನ್ನಷ್ಟು ಕಂತು ಕೊಡೋಕೆ ತಯಾರಿದ್ದರು. ಹಾಗಾಗಿ ಬೈಯೋದಾದ್ರೆ ಇಲ್ಲಿ ಬೈಯಿರಿ.

ನಮ್ಮ ಕಡೆ ತಾಳಮದ್ದಳೆ ನೋಡಿ ಬೆಳೆದವರಿಗೆ ಇದನ್ನ ವಿವರಿಸೋ ಅಗತ್ಯವೇ ಇರಬಾರದು. 'ವಾಲಿವಧೆ' ಪ್ರಸಂಗ. ವಾಲಿ ಸಾಯ್ತಾನೆ ಅಂತ ಮುಂದಿನ ಸಾಲಿನಲ್ಲಿ ನಿದ್ದೆ ಮಾಡೋ ಮಗುವಿಗೂ ಗೊತ್ತು. ಭಾಗವತರ ಪದ್ಯ ಬದಲಾಗಲ್ಲ. ಆದರೂ ರಾತ್ರಿಯೆಲ್ಲ ಕೂತು ಕೇಳೋದು ಯಾಕೆ? ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಅಂತ ವಾಲಿ ಕೇಳ್ತಾನಲ್ಲ, ಅದಕ್ಕೆ ಇವತ್ತಿನ ರಾಮ ಏನು ಹೇಳ್ತಾನೆ ಅಂತ. ಶೇಣಿಯವರು ಮಾತಾಡುವಾಗ ಯಾರಾದ್ರೂ ಎದ್ದು "ವಾಲ್ಮೀಕಿಯಲ್ಲಿ ಈ ವಾಕ್ಯ ಇಲ್ಲ" ಅಂದಿದ್ರೆ ಹೊರಗೆ ಕಳಿಸ್ತಿದ್ದರು. ಆದ್ರೆ ಕಾರಣವೇ ಹೇಳದೆ ಬಾಣ ಬಿಟ್ಟು ಕೂತಿದ್ರೂ ಜನ ಎದ್ದು ಹೋಗ್ತಿದ್ದರು. ಪಂಪ ಸಾವಿರ ವರ್ಷದ ಹಿಂದೆಯೇ ದ್ರೌಪದಿಯನ್ನ ಅರ್ಜುನನೊಬ್ಬನ ಹೆಂಡತಿ ಮಾಡಿದ. ನಾವು ಅವನನ್ನ ಆದಿಕವಿ ಅಂದ್ವಿ.

ಟೀವಿ ಪಾರ್ಟಿಯವರು ಖುಷಿ ಪಡಬೇಡಿ, ನಿಮಗೂ ಇದೆ. "ಪುಸ್ತಕ ತುಂಬ ಊಟದ ವರ್ಣನೆ, ಮನೆತನದ ಹೆಸರು, ಯಾರು ಓದ್ತಾರೆ" ಅಂತೀರಲ್ಲ, ನೀವು ಕೊನೆಗೆ ಇಲ್ಲ ಇಲ್ಲ ಅಂತ ಅತ್ತ ಕಾರಣಗಳೆಲ್ಲ ಆ ಊಟದ ಪುಟಗಳ ಮಧ್ಯದಲ್ಲೇ ಇದ್ದವು.

ಇದು 2019ಕ್ಕೆ ಮುಗಿದಿದ್ರೆ ನಾನೂ ಸುಮ್ಮನಿರ್ತಿದ್ದೆ. 2022ರಲ್ಲಿ 'ಹೌಸ್ ಆಫ್ ದಿ ಡ್ರ್ಯಾಗನ್' ಬಂತು, ಮತ್ತೆ ಅದೇ ಚೀಟಿ ಹಿಡಿದ ಸಾಲು. ಅದರ ಮೂಲ 'ಫೈರ್ ಅಂಡ್ ಬ್ಲಡ್' (2018) ಕಾದಂಬರಿಯೇ ಅಲ್ಲ, ಇತಿಹಾಸದ ಪುಸ್ತಕದ ವೇಷ ಹಾಕಿದ ಕಥೆ. ಮಶ್ರೂಮ್ ಅನ್ನೋ ವಿದೂಷಕ ಒಂದು ಹೇಳ್ತಾನೆ, ಯೂಸ್ಟೇಸ್ ಅನ್ನೋ ಪುರೋಹಿತ ಇನ್ನೊಂದು ಹೇಳ್ತಾನೆ, ಬರೆಯೋನು ಎರಡನ್ನೂ ಇಟ್ಟು ಸುಮ್ಮನಾಗ್ತಾನೆ. 'ಪುಸ್ತಕದಲ್ಲಿ ಹಾಗಿಲ್ಲ' ಅನ್ನೋರೇ, ಯಾರ ಬಾಯಿಂದ ಹಾಗಿಲ್ಲ? ಅಲಿಸೆಂಟ್ ಪುಸ್ತಕದಲ್ಲಿ ರೆನೀರಾಗಿಂತ ಒಂಬತ್ತು ವರ್ಷ ದೊಡ್ಡವಳು. ಧಾರಾವಾಹಿ ಇಬ್ಬರನ್ನೂ ಓರಗೆಯ ಗೆಳತಿಯರನ್ನಾಗಿ ಮಾಡಿ, ಒಬ್ಬಳು ಇನ್ನೊಬ್ಬಳ ಮಲತಾಯಿ ಆಗೋ ಹಾಗೆ ಮಾಡಿತು. ಯುದ್ಧಕ್ಕೆ ಹೊಸ ಕಾರಣ ಕೊಟ್ಟ ಬದಲಾವಣೆ, ನನಗಂತೂ ಒಪ್ಪಿಗೆ.

ಆದ್ರೆ ಎರಡನೇ ಸೀಸನ್ನಿನ ಮೊದಲ ಕಂತು (2024) ನೋಡಿ. ಪುಸ್ತಕದಲ್ಲಿ ಕೊಲೆಗಾರರು ಹೆಲೆನಾಗೆ, ನಿನ್ನ ಇಬ್ಬರು ಗಂಡುಮಕ್ಕಳಲ್ಲಿ ಯಾರು ಸಾಯಬೇಕು ಆರಿಸು ಅಂತಾರೆ. ಅವಳು ಚಿಕ್ಕವನು ಮೇಲೋರ್‌ನ ಹೆಸರು ಹೇಳ್ತಾಳೆ. ಅವರು ದೊಡ್ಡವನನ್ನ ಕೊಲ್ತಾರೆ. ತಾಯಿ ನನ್ನನ್ನ ಸಾಯೋಕೆ ಆರಿಸಿದಳು ಅನ್ನೋ ಮಗು ಬದುಕಿ ಉಳಿಯುತ್ತೆ! ಧಾರಾವಾಹಿಯಲ್ಲಿ ಮೇಲೋರ್ ಹುಟ್ಟೇ ಇಲ್ಲ. ಅವಳಿಗಳಲ್ಲಿ ಗಂಡು ಯಾವುದು ಅಂತ ತೋರಿಸಿದಳು, ಅಷ್ಟೇ. ಮಾರ್ಟಿನ್ ಆ ವರ್ಷದ ಸೆಪ್ಟೆಂಬರಿನಲ್ಲಿ ಇದರ ಬಗ್ಗೆ ತಮ್ಮ ಬ್ಲಾಗಿನಲ್ಲಿ ಬರೆದು, ಆಮೇಲೆ ಅದನ್ನ ತೆಗೆದುಹಾಕಿದರು. ನೋಡಿ ಲೇಖಕರೇ ಪುಸ್ತಕದ ಪರ ಅಂತ ನಮ್ಮವರು ಕುಣಿದರು. ಅವರು ಬರೆದದ್ದು ಓದಿದ್ರಾ? ಒಂದು ಮಗು ಬಿಟ್ಟುಹೋಯ್ತು ಅನ್ನೋದಲ್ಲ ಅವರ ದೂರು. ಆ ಮಗು ಇಲ್ಲದಿದ್ರೆ ಮುಂದೆ ಹೆಲೆನಾ ಪ್ರಾಣ ಕಳಕೊಳ್ಳೋದಕ್ಕೆ ಕಾರಣವೇ ಉಳಿಯಲ್ಲ ಅಂತ.

ಮದುವೆ ಊಟದ ಹುಡುಗನಿಗೆ ಕೈ ತೊಳೆಯೋ ಜಾಗದಲ್ಲಿ ಸಿಕ್ಕಿ, ನಿನಗೆ ಯಾವ ದೃಶ್ಯ ಇಷ್ಟ ಅಂತ ಕೇಳಿದೆ. ರಾಬರ್ಟ್ ಮತ್ತು ಸರ್ಸಿ ಕೂತು ಮಾತಾಡೋದು ಅಂದ. ಎದುರು ಸಾಲಿನವರು ಆಗಲೇ ಬೀಡಾ ಹಾಕ್ಕೊಂಡು ಹೊರಟಿದ್ದರು.

ನನ್ನ ವಿಷಯಕ್ಕೆ ಬಂದ್ರೆ, 2014ರ ಜೂನಿನಲ್ಲಿ ನಾಲ್ಕನೇ ಸೀಸನ್ನಿನ ಕೊನೆ ಕಂತು ಮುಗಿದಾಗ ನಾನು ಸೋಫಾದಿಂದ ಎದ್ದು ಕೂಗಾಡಿದ್ದೆ. ಲೇಡಿ ಸ್ಟೋನ್‌ಹಾರ್ಟ್ ಬರಲಿಲ್ಲ ಅಂತ. ಸತ್ತ ಕ್ಯಾಟ್ಲಿನ್ ಎದ್ದು ಬರಬೇಕಿತ್ತು, ಪಟ್ಟಿಯಲ್ಲಿ ಮೊದಲನೇದು ಅದೇ. ತಮ್ಮ ಸುಮ್ಮನೆ ಕೇಳಿಸಿಕೊಂಡ. ಧಾರಾವಾಹಿ ಎಲ್ಲ ಮುಗಿದ ಮೇಲೆ ಅವನು ಪುಸ್ತಕ ಹಿಡಿದ, ಮೂರನೇದು ಮುಗಿಸಿದ ರಾತ್ರಿ ಫೋನ್ ಮಾಡಿದ.

"ಅಣ್ಣಾ, ಅಷ್ಟೆಲ್ಲ ಹೇಳ್ತಿದ್ದೆಯಲ್ಲ, ಟೈಶಾ ವಿಷಯ ಯಾಕೆ ಹೇಳಲೇ ಇಲ್ಲ?"

ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ.