ಕೋವಿಯ ಶಾಸ್ತ್ರ ಬರೆದ ಮೇಜರ್

ಮಕ್ಕಳಿಗೆ ಹೆಸರಿಡುವಾಗ ತಂದೆತಾಯಿಗಳು ಏನು ಕನಸು ಕಾಣುತ್ತಾರೆಂಬುದನ್ನು ಬಲ್ಲವರಾರು? ಪ್ರಷ್ಯಾ ದೇಶದ ಬ್ರಾಂಡೆನ್‌ಬುರ್ಗ್ ಪಟ್ಟಣದ ರೂಸ್ಟೋ ಮನೆತನದಲ್ಲಿ ಮೂವರು ಸೋದರರು ಸೈನ್ಯಾಧಿಕಾರಿಗಳಾದರು. ಹಿರಿಯವನು ವಿಲ್ಹೆಲ್ಮ್, ನಡುವಣವನು ಅಲೆಕ್ಸಾಂಡರ್, ಕಿರಿಯವನು ಸೀಸರ್. ತಮ್ಮಂದಿರಿಬ್ಬರಿಗೂ ದಿಗ್ವಿಜಯಕ್ಕೆ ಹೊರಟ ವೀರರ ಹೆಸರು! ಆದರೆ 1826ರಲ್ಲಿ ಜನಿಸಿದ ಈ ಸೀಸರನು ಯಾವ ರಾಜ್ಯವನ್ನೂ ಗೆಲ್ಲಲಿಲ್ಲ. ಸಾಮಾನ್ಯ ಸಿಪಾಯಿಯ ಹೆಗಲ ಮೇಲಿನ ಕೋವಿಯನ್ನೇ ಅಧ್ಯಯನದ ವಸ್ತುವಾಗಿ ಆರಿಸಿಕೊಂಡು, ಅದನ್ನು ಕುರಿತು ಗ್ರಂಥಗಳನ್ನು ರಚಿಸಿ ಹೆಸರಾದನು.

ಕೋವಿಗೂ ಒಂದು ಶಾಸ್ತ್ರವುಂಟೆ ಎಂದು ವಾಚಕರು ಕೇಳಬಹುದು. ಆ ಕಾಲದಲ್ಲಿ ಅದರ ಅಗತ್ಯ ಬಹಳವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದವರೆಗೂ ಕಾಲಾಳಿನ ಕೋವಿಯ ನಳಿಗೆ ಒಳಗಡೆ ನುಣುಪಾಗಿರುತ್ತಿತ್ತು. ಅದರಿಂದ ಹೊರಟ ಗುಂಡು ನೂರು ಗಜದಾಚೆ ಎತ್ತ ಹೋದೀತೆಂದು ಹೇಳುವಂತಿರಲಿಲ್ಲ. ನಳಿಗೆಯೊಳಗೆ ಸುರುಳಿಯಾಗಿ ಗೀರುಗಳನ್ನು ಕೊರೆದರೆ ಗುಂಡು ತಿರುಗುತ್ತ ನೇರವಾಗಿ ಹಾರುತ್ತದೆಂಬುದು ಬೇಟೆಗಾರರಿಗೆ ಹಿಂದಿನಿಂದಲೂ ಗೊತ್ತಿತ್ತು. ತೊಡಕಿದ್ದುದು ಬೇರೆಡೆ. ಗೀರುಗಳಿಗೆ ಕಚ್ಚಿಕೊಳ್ಳುವಷ್ಟು ದಪ್ಪನಾದ ಗುಂಡನ್ನು ನಳಿಗೆಯ ಬಾಯಿಯಿಂದ ತಳದವರೆಗೆ ಬಡಿದಿಳಿಸಬೇಕು. ವೈರಿ ಮೈಮೇಲೆ ಬೀಳುತ್ತಿರುವಾಗ ಅಷ್ಟು ಹೊತ್ತು ಯಾರಿಗಿದೆ?

ಈ ತೊಡಕನ್ನು ಬಿಡಿಸಿದವನು ಫ್ರಾನ್ಸಿನ ಮಿನಿಯೆ ಎಂಬ ಅಧಿಕಾರಿ. 1849ರಲ್ಲಿ ಆತನು ರೂಪಿಸಿದ ಗುಂಡು ನಳಿಗೆಗಿಂತ ತುಸು ಸಣ್ಣದು. ಮೊನೆ ಚೂಪು, ಬುಡ ಟೊಳ್ಳು. ಒಳಕ್ಕೆ ಸರಾಗವಾಗಿ ಜಾರಿಹೋಗುವುದು. ಮದ್ದು ಸಿಡಿದೊಡನೆ ಟೊಳ್ಳುಬುಡ ಅರಳಿ ಗೀರುಗಳನ್ನು ಹಿಡಿದುಕೊಳ್ಳುವುದು. ಈ ಕೋವಿಯನ್ನೂ ಯುದ್ಧದಲ್ಲಿ ಅದಕ್ಕಿರುವ ಮಹತ್ವವನ್ನೂ ಕುರಿತು ಸೀಸರ್ ರೂಸ್ಟೋ 1855ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಆಗ ಅವನಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಈ ವಿಷಯ ನಮಗೆ ತೀರ ದೂರದ್ದೇನೂ ಅಲ್ಲ. ಅರಳುವ ಗುಂಡಿನ ಇದೇ ತತ್ತ್ವವನ್ನು ಅನುಸರಿಸಿದ ಎನ್‌ಫೀಲ್ಡ್ ಬಂದೂಕು, ಜಿಡ್ಡು ಸವರಿದ ತನ್ನ ತೋಟಾಗಳೊಡನೆ ಎರಡೇ ವರ್ಷಗಳಲ್ಲಿ ಭಾರತದ ಸಿಪಾಯಿಗಳನ್ನು ಕೆರಳಿಸಿದ ಕಥೆಯನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ.

ಪ್ರಷ್ಯಾದ ಉಗ್ರಾಣಗಳಲ್ಲಿ ಅಷ್ಟರಲ್ಲಿ ಮತ್ತೊಂದು ಬಗೆಯ ಕೋವಿ ಸೇರಿತ್ತು. ಬೀಗಗಾರನೊಬ್ಬನ ಮಗನಾದ ಡ್ರೈಸೆ ಎಂಬಾತನು ಹಲವು ವರ್ಷ ದುಡಿದು ಸಿದ್ಧಪಡಿಸಿದ ಸೂಜಿಕೋವಿ ಅದು. ಇದಕ್ಕೆ ಮದ್ದುಗುಂಡುಗಳನ್ನು ಬಾಯಿಯಿಂದ ತುಂಬಬೇಕಾಗಿರಲಿಲ್ಲ. ಹಿಂಬದಿಯ ಅಗುಳಿಯನ್ನು ಸರಿಸಿ ಕಾಗದದ ತೋಟಾವನ್ನು ಇಟ್ಟರೆ ಮುಗಿಯಿತು. ಕುದುರೆಯನ್ನೆಳೆದರೆ ಉದ್ದನೆಯ ಸೂಜಿಯೊಂದು ಕಾಗದವನ್ನೂ ಮದ್ದನ್ನೂ ತೂರಿಕೊಂಡು ಹೋಗಿ ಗುಂಡಿನ ಬುಡದ ಬಳಿ ಇರುವ ಕಿಡಿಮದ್ದನ್ನು ಚುಚ್ಚುತ್ತಿತ್ತು. 1840ರಲ್ಲಿ ಸರ್ಕಾರ ಇಂಥ 60,000 ಕೋವಿಗಳಿಗೆ ಅಪ್ಪಣೆ ಕೊಟ್ಟಿತು. ಗುಟ್ಟು ಹೊರಬೀಳದಿರಲೆಂದು ಕಡತಗಳಲ್ಲಿ ಇದಕ್ಕೆ ಬೇರೊಂದು ಸಾಧಾರಣ ಹೆಸರನ್ನಿಟ್ಟಿದ್ದರು. ಆದರೆ 1848ರ ಕ್ರಾಂತಿಯಲ್ಲಿ ಬರ್ಲಿನ್ನಿನ ಜನರು ಆಯುಧಾಗಾರಕ್ಕೇ ನುಗ್ಗಿದಾಗ, ಗುಟ್ಟಿನ ಕೋವಿ ಬೀದಿಯವರ ಕೈಗೂ ಸಿಕ್ಕಿತು!

ಸೂಜಿಕೋವಿ ನಿರ್ದುಷ್ಟವಾಗಿರಲಿಲ್ಲ. ಸೂಜಿ ಮುರಿಯುತ್ತಿತ್ತು; ಹಿಂಬದಿಯ ಸಂದಿನಿಂದ ಬಿಸಿಹೊಗೆ ಸೋರಿ ಸಿಪಾಯಿಯ ಮುಖಕ್ಕೆ ರಾಚುತ್ತಿತ್ತು. ಗುರಿಯ ದೂರದಲ್ಲಿ ಮಿನಿಯೆ ಬಗೆಯ ಕೋವಿಗಳೇ ಇದಕ್ಕಿಂತ ಮೇಲು. ಇಷ್ಟು ಬೇಗಬೇಗನೆ ಹಾರಿಸುವಂತಾದರೆ ಸಿಪಾಯಿ ತೋಟಾಗಳನ್ನೆಲ್ಲ ದಂಡಮಾಡಿ ಬರಿಗೈಯಲ್ಲಿ ನಿಲ್ಲುವನೆಂದು ಹಿರಿಯ ಸೇನಾನಿಗಳು ಗೊಣಗಿದರು. ಯೂರೋಪಿನ ಸೈನ್ಯಗಳಲ್ಲಿ ಈ ವಾದ ವಿವಾದಗಳು ನಡೆಯುತ್ತಿದ್ದ ದಿನಗಳಲ್ಲಿಯೇ ರೂಸ್ಟೋ ತನ್ನ ದೊಡ್ಡ ಗ್ರಂಥಕ್ಕೆ ಕೈಹಾಕಿದನು. ಯುದ್ಧದಲ್ಲಿ ಬಳಸುವ ಕೈಕೋವಿಗಳನ್ನು ಕುರಿತ ಈ ಗ್ರಂಥ 1857ರಿಂದ ಮೊದಲ್ಗೊಂಡು ಎರಡು ಸಂಪುಟಗಳಲ್ಲಿ ಹೊರಬಂದಿತು. ಲೇಖಕನು ದಂಡಿನಲ್ಲಿದ್ದುಕೊಂಡೇ ಬರೆದವನು. ತಾನು ಬರೆದ ಆಯುಧಗಳ ಎದುರಿಗೆ ಒಂದು ದಿನ ತಾನೇ ನಿಲ್ಲಬೇಕಾದವನು.

ಆ ದಿನ 1866ರಲ್ಲಿ ಬಂದಿತು. ಜರ್ಮನ್ ನಾಡುಗಳ ಯಜಮಾನಿಕೆ ಯಾರದೆಂಬ ಪ್ರಶ್ನೆಗಾಗಿ ಪ್ರಷ್ಯಾ ಒಂದು ಕಡೆ, ಆಸ್ಟ್ರಿಯಾ ಬವೇರಿಯಾ ಮೊದಲಾದವು ಇನ್ನೊಂದು ಕಡೆ ನಿಂತು ಕಾದಿದವು. ಜುಲೈ 3ರಂದು ಬೊಹೀಮಿಯದ ಕೋನಿಗ್‌ಗ್ರೇಟ್ಸ್‌ನಲ್ಲಿ ಮಹಾಯುದ್ಧ. ಆಸ್ಟ್ರಿಯದ ಸಿಪಾಯಿ ನಿಂತುಕೊಂಡು ತನ್ನ ಕೋವಿಯ ಬಾಯಿಗೆ ಮದ್ದು ಜಡಿಯುತ್ತಿರುವಷ್ಟರಲ್ಲಿ ಪ್ರಷ್ಯಾದವನು ನೆಲಕ್ಕೆ ಒರಗಿಕೊಂಡೇ ಹಲವು ಸಲ ಗುಂಡು ಹಾರಿಸಬಲ್ಲವನಾಗಿದ್ದನು. ಸಂಜೆಯ ವೇಳೆಗೆ ಪ್ರಷ್ಯಾದ ನಷ್ಟ ಸುಮಾರು 9,000. ಎದುರಾಳಿಗಳದು, ಸೆರೆಸಿಕ್ಕವರೂ ಸೇರಿ, ಸುಮಾರು 44,000. ಆದರೆ ತೋಪುಗಳ ವಿಷಯದಲ್ಲಿ ಅಂದು ಆಸ್ಟ್ರಿಯದ ಕೈಯೇ ಮೇಲಾಗಿತ್ತು. ನಡುವಣ ಸೋದರ ಅಲೆಕ್ಸಾಂಡರ್ ತೋಪಿನ ದಳದ ಮೇಜರ್. ಆ ರಣದಲ್ಲಿ ಗಾಯಗೊಂಡ ಆತನು ಅದೇ ತಿಂಗಳಲ್ಲಿ ಕಣ್ಣುಮುಚ್ಚಿದನು.

ಯುದ್ಧದ ಹಣೆಬರಹವನ್ನು ಕೋನಿಗ್‌ಗ್ರೇಟ್ಸ್ ಬರೆದಾಗಿತ್ತು. ಆದರೂ ಪಶ್ಚಿಮದ ರಣರಂಗದಲ್ಲಿ ಕಾಳಗ ನಿಂತಿರಲಿಲ್ಲ. ಮಾರನೆಯ ದಿನ, ಜುಲೈ 4ರಂದು, ಡೆರ್ಮ್‌ಬಾಖ್ ಎಂಬ ಊರಿನ ಬಳಿ ಪ್ರಷ್ಯಾದವರಿಗೂ ಬವೇರಿಯದವರಿಗೂ ಕೈಕೈ ಹತ್ತಿತು. ಬವೇರಿಯದ ಕಾಲಾಳಿನ ಕೈಯಲ್ಲಿದ್ದುದು ಪೊಡೆವಿಲ್ಸ್ ಎಂಬ ಕೋವಿ; ಬಾಯಿಯಿಂದ ತುಂಬುವ ಹಳೆಯ ಪದ್ಧತಿಯದು. ಇಂಥ ಕೋವಿಗಳ ಗುಣದೋಷಗಳನ್ನು ಸೀಸರ್ ರೂಸ್ಟೋನಷ್ಟು ಬಲ್ಲವರು ಅಂದು ಆ ಬಯಲಿನಲ್ಲಿ ಎಷ್ಟು ಮಂದಿ ಇದ್ದಾರು? ಅವನ ಬೆನ್ನಿಗಿದ್ದವರ ಕೈಯಲ್ಲಿ ಮೇಲಾದ ಆಯುಧವಿತ್ತು. ಅವನ ತಲೆಯಲ್ಲಿ ಎರಡು ಪಕ್ಷಗಳ ಆಯುಧಗಳ ವಿದ್ಯೆಯೂ ಇತ್ತು. ಎರಡೂ ಅವನನ್ನು ಕಾಯಲಿಲ್ಲ. ಆ ದಿನದ ಕಾಳಗದಲ್ಲಿ ಮೇಜರ್ ಸೀಸರ್ ರೂಸ್ಟೋ ಮಡಿದನು. ವಯಸ್ಸು 40.

ಹಿರಿಯಣ್ಣ ವಿಲ್ಹೆಲ್ಮ್ ಆಗ ಎಲ್ಲಿದ್ದನು? ಅವನು ಪ್ರಷ್ಯಾದ ಸೈನ್ಯವ್ಯವಸ್ಥೆಯನ್ನು ಟೀಕಿಸಿ ಪುಸ್ತಕ ಬರೆದು, ವಿಚಾರಣೆಗೆ ಗುರಿಯಾಗಿ, 1850ರಲ್ಲಿಯೇ ಸ್ವಿಟ್ಜರ್ಲೆಂಡಿಗೆ ತಪ್ಪಿಸಿಕೊಂಡು ಹೋಗಿದ್ದನು. 1860ರಲ್ಲಿ ಇಟಲಿಯ ಗ್ಯಾರಿಬಾಲ್ಡಿಯ ಸೇನೆಯಲ್ಲಿ ಮುಖ್ಯಾಧಿಕಾರಿಯಾಗಿ ದುಡಿದನು. ಯಾವ ಸೈನ್ಯ ತನ್ನನ್ನು ಹೊರದೂಡಿತೋ ಅದೇ ಸೈನ್ಯಕ್ಕಾಗಿ ತಮ್ಮಂದಿರಿಬ್ಬರೂ ಪ್ರಾಣ ತೆತ್ತ ವರ್ಷದಲ್ಲಿಯೇ, ಆತನು ಜ್ಯೂರಿಕ್ಕಿನಲ್ಲಿ ಕುಳಿತು ಆ ಯುದ್ಧದ ಇತಿಹಾಸವನ್ನು ಬರೆದು ಪ್ರಕಟಿಸಿದನು. ಕೋನಿಗ್‌ಗ್ರೇಟ್ಸ್ ಎಂದು ಬರೆಯುವಾಗ, ಡೆರ್ಮ್‌ಬಾಖ್ ಎಂದು ಬರೆಯುವಾಗ, ಆ ಅಣ್ಣನ ಲೇಖನಿ ಒಂದು ಗಳಿಗೆ ತಡೆದಿರಲಾರದೆ? 1878ರಲ್ಲಿ ಅವನು ತನ್ನ ಕೈಯಿಂದಲೇ ತನ್ನ ಬಾಳನ್ನು ಮುಗಿಸಿಕೊಂಡನು.

ಸೂಜಿಕೋವಿಯ ಮೆರೆದಾಟವೂ ಹೆಚ್ಚು ಕಾಲ ನಡೆಯಲಿಲ್ಲ. 1870ರ ಯುದ್ಧದಲ್ಲಿ ಫ್ರಾನ್ಸಿನ ಶಾಸ್‌ಪೋ ಕೋವಿ ಅದನ್ನು ದೂರದಲ್ಲಿಯೂ ಗುರಿಯಲ್ಲಿಯೂ ಮೀರಿಸಿತು. ಮರುವರ್ಷವೇ ಮೌಸರ್ ಕೋವಿ ಅದರ ಸ್ಥಾನಕ್ಕೆ ಆಯ್ಕೆಯಾಯಿತು. ಕೋವಿ ಹಳತಾದಂತೆ ಅದನ್ನು ಕುರಿತ ಗ್ರಂಥಗಳೂ ಹಳತಾದವು. ಆಯುಧಶಾಸ್ತ್ರದ ಆಯುಷ್ಯವೇ ಅಷ್ಟು. ಇನ್ನೊಂದು ಆಯುಧ ಬರುವವರೆಗೆ. ಒಂದೇ ಬೇಸಗೆಯಲ್ಲಿ ಇಬ್ಬರು ಮಕ್ಕಳು ಮರಳಿ ಬಾರದ ಮನೆಯ ದುಃಖಕ್ಕೆ ಮಾತ್ರ ಅಂಥ ಗಡುವಿಲ್ಲ. ಅದು ಯಾವ ದೇಶದಲ್ಲಿಯೂ, ಯಾವ ಕಾಲದಲ್ಲಿಯೂ ಹಳತಾಗುವುದಿಲ್ಲ.